ಊಹೂಂ ಬಂಡೆಯ ಮೇಲೆ ಗುಟುರಪ್ಪ

ಮಕ್ಕಳೇ, ಎಂಥ ಬೇಸಿಗೆಯಲ್ಲೂ ಬತ್ತದ ಕೆರೆಯೊಂದು ಒಂದು ಕಾಡಿನ ನಡುವೆ ಇತ್ತು. ಕೆರೆಯ ಒಂದು ಬದಿಗೆ ಕುಡುಗೋಲಿನ ಹಾಗೆ ಬಾಗಿದ ಮಣ್ಣಿನ ಏರಿ. ಆ ಕಾಡಿಗೆಲ್ಲ ನೀರು ಅಂತ ಇದ್ದದ್ದು ಅದೊಂದೇ. ಹಾಗಾಗಿ ಹಂದಿ, ಜಿಂಕೆ, ಮೊಲ, ಕಪ್ಪೆ, ಹಕ್ಕಿಪಕ್ಕಿ ಎಲ್ಲರೂ ಅಲ್ಲಿಗೇ ಬರಬೇಕು, ಅಲ್ಲೇ ಜಗಳ ಆಡಬೇಕು, ಅಲ್ಲೇ ರಾಜಿ ಆಗಬೇಕು.

ಜಗಳ ಜಾಸ್ತಿಯಾಗಿ ನೀರು ಕುಡಿಯುವುದಕ್ಕೇ ಪುರುಸೊತ್ತು ಸಿಗದಂತಾದಾಗ ಅವರ ಹಿರಿಯರು ಸೇರಿ ಒಂದು ಸಭೆ ಕಟ್ಟಿದರು. ನೀರಿನ ನಡುವೆ ಎರಡು ಹಾಸುಬಂಡೆಗಳಿದ್ದವು. ಏರಿಗೆ ಹತ್ತಿರ, ಎದುರಿಗೇ ಇದ್ದದ್ದು ಹೂಂ ಬಂಡೆ. ಆಚೆ ಮೂಲೆಯಲ್ಲಿ ಒಂಟಿಯಾಗಿದ್ದದ್ದು ಊಹೂಂ ಬಂಡೆ. ಮುಖಂಡನಾದವನು ಏನೇ ಮಾಡಬೇಕೆಂದರೂ ಮೊದಲು ಸಭೆಯಲ್ಲಿ ಹೇಳಬೇಕು. ಒಪ್ಪಿದವರು ಹೂಂ ಬಂಡೆ ಹತ್ತುತ್ತಾರೆ, ಒಪ್ಪದವರು ಊಹೂಂ ಬಂಡೆ ಹತ್ತುತ್ತಾರೆ. ಯಾವ ಬಂಡೆಯ ಮೇಲೆ ಜನ ಹೆಚ್ಚೋ ಆ ಬಂಡೆಯ ಮಾತು ನಡೆಯುತ್ತದೆ.

ಇಷ್ಟೇ ಆಗಿದ್ದರೆ ವಿಶೇಷವೇನೂ ಇರಲಿಲ್ಲ. ಆದರೆ ಇನ್ನೊಂದು ಕಟ್ಟಳೆ ಇತ್ತು. ಊಹೂಂ ಬಂಡೆ ಖಾಲಿ ಇದ್ದರೆ ಸಭೆ ನಡೆಯಕೂಡದು. ಒಬ್ಬರಾದರೂ ಅಲ್ಲಿ ಹೋಗಿ ಕೂತಿರಲೇಬೇಕು. ಯಾಕೆ ಹಾಗೆ ಎಂದು ಹಿರಿಯರು ಯಾರಿಗೂ ಹೇಳಲಿಲ್ಲ. ಕಟ್ಟಳೆ ಮಾಡುವುದು, ಕಾರಣ ಹೇಳದೆ ತೀರಿಕೊಳ್ಳುವುದು, ಹಿರಿಯರಿಗೆ ಇದೊಂದು ಕೆಟ್ಟ ಚಾಳಿ.

ನಮ್ಮ ಕತೆ ನಡೆದ ಕಾಲಕ್ಕೆ ಆ ಕೆರೆಗೆ ಮುಖಂಡನಾಗಿದ್ದವನು ಗುಟುರಪ್ಪ ಎಂಬ ಕಾಡುಹಂದಿ. ಅವನು ಕೆಟ್ಟವನೇನಲ್ಲ, ಈಗಲೇ ಹೇಳಿಬಿಡುತ್ತೇನೆ. ನೀರಿಗೆ ಬಂದ ಮರಿಗಳ ಮೇಲೆ ಬೀಳುತ್ತಿದ್ದ ಕತ್ತೆಕಿರುಬಗಳನ್ನು ಒಬ್ಬನೇ ಎದುರಿಸಿ ಓಡಿಸಿದ್ದ. ಆ ಗುಂಡಿಗೆ ಮೆಚ್ಚಿ ಎಲ್ಲರೂ ಅವನನ್ನು ಆರಿಸಿದ್ದರು. ಅವನ ತೊಂದರೆ ಒಂದೇ. ಯಾರಾದರೂ ಹೂಂ ಎಂದರೆ ಹಲಸಿನ ತೊಳೆ ಬಾಯಿಗೆ ಬಿದ್ದಷ್ಟು ಖುಷಿ. ಊಹೂಂ ಎಂದರೆ ಬೆನ್ನ ಮೇಲಿನ ಕೂದಲೆಲ್ಲ ನೆಟ್ಟಗೆ ನಿಂತುಬಿಡುತ್ತಿತ್ತು.

ಒಂದು ದಿನ ಗುಟುರಪ್ಪನಿಗೆ ಅನಿಸಿತು, ತಾನು ಏರಿಯ ಮೇಲೆ ಬರೀ ನೆಲಕ್ಕೆ ಕೂರುವುದು ಚೆನ್ನಾಗಿಲ್ಲ, ಒಂದು ಗದ್ದುಗೆ ಬೇಕು. ಅದಕ್ಕೆ ಕಾರಣವನ್ನೂ ಹುಡುಕಿಕೊಂಡ. ಎತ್ತರದಲ್ಲಿ ಕೂತರೆ ದೂರದಿಂದ ಬರುವ ಶತ್ರು ಕಾಣುತ್ತಾನೆ. ಕಾರಣ ಚೆನ್ನಾಗಿಯೇ ಇತ್ತು. ಹೆಗ್ಗಣಗಳ ಗುಂಪನ್ನು ಕರೆದು, "ಬೇಗ ಮಣ್ಣು ತನ್ನಿ" ಎಂದ. ಹೆಗ್ಗಣಗಳು ಬೇಗಬೇಗ ತಂದವು. ಎಲ್ಲಿಂದ ತಂದವು ಎಂದು ಅವನು ಕೇಳಲಿಲ್ಲ, ಅವೂ ಹೇಳಲಿಲ್ಲ. ಏರಿಯ ತಿರುವಿನಲ್ಲಿ ಗದ್ದುಗೆ ಎದ್ದಿತು. ಅದರ ಮೇಲೆ ಕೂತು ಮುಂದಕ್ಕೆ ನೋಡಿದರೆ ಕೆರೆ, ಹೂಂ ಬಂಡೆ, ಆಚೆಯ ಕಾಡು ಎಲ್ಲ ಕಾಣುತ್ತಿತ್ತು. ಹಿಂದಕ್ಕೆ ಏನಿದೆ ಅಂತ ಕೇಳಬೇಡಿ. ಹಂದಿಯ ಕುತ್ತಿಗೆ ಹಿಂದಕ್ಕೆ ಹೊರಳುವಂಥದ್ದಲ್ಲ.

ಗದ್ದುಗೆ ಚೆನ್ನಾಗಿದೆ ಎಂದು ಬೆಳ್ಳಯ್ಯ ಹೇಳಿದ. ಬೆಳ್ಳಯ್ಯ ಒಂದು ಬೆಳ್ಳಕ್ಕಿ. ಯಾರು ಮುಖಂಡರಾಗಿರುತ್ತಾರೋ ಅವರ ಬೆನ್ನ ಮೇಲೆ ಕೂತು ಉಣ್ಣಿ ಹೆಕ್ಕುವುದು ಅವನ ಕಸುಬು.

"ಚೆನ್ನಾಗೇನೋ ಇದೆ ಸ್ವಾಮಿ, ಆದರೆ ತಮ್ಮ ಯೋಗ್ಯತೆಗೆ ಇದು ಕುಳ್ಳು. ಇನ್ನೂ ಇಷ್ಟು ಎತ್ತರ ಆಗಬೇಕಿತ್ತು" ಎಂದ ಬೆಳ್ಳಯ್ಯ.

ಗುಟುರಪ್ಪ ಉಬ್ಬಿಹೋದ. ಮರುದಿನವೇ ಸಭೆ ಕರೆದ.

ಸಭಾಪತಿ ಚಿಪ್ಪಜ್ಜ ಎರಡು ಬಂಡೆಗಳ ನಡುವಿನ ಮರದ ದಿಮ್ಮಿಯ ಮೇಲೆ ಬಂದು ಕೂತ. ಅವನು ಮುದಿ ಆಮೆ. ಸಭಾಪತಿಯಾದ್ದರಿಂದ ಅವನಿಗೆ ಹೂಂ ಎನ್ನುವ ಹಾಗೂ ಇಲ್ಲ, ಊಹೂಂ ಎನ್ನುವ ಹಾಗೂ ಇಲ್ಲ. ಗುಟುರಪ್ಪ ಗದ್ದುಗೆಯ ಮೇಲಿನಿಂದ ಗಂಟಲು ಸರಿಮಾಡಿಕೊಂಡು ಹೇಳಿದ.

"ಮಳೆಗಾಲ ಬರೋದರೊಳಗೆ ಈ ಗದ್ದುಗೆಯನ್ನು ಇದರ ಎರಡಷ್ಟು ಎತ್ತರ ಮಾಡಬೇಕು ಅಂತಿದ್ದೀನಿ. ಎಲ್ಲ ನಿಮ್ಮ ಕಾವಲಿಗೇ. ಏನಂತೀರಿ?"

ಮೊಲ, ಜಿಂಕೆ, ಹೆಗ್ಗಣ ಎಲ್ಲ ಹೂಂ ಬಂಡೆ ಹತ್ತಿದವು. ಜಾಗ ಸಾಲದೆ ಒಬ್ಬರ ಕಾಲು ಒಬ್ಬರು ತುಳಿದರು. ಊಹೂಂ ಬಂಡೆಯ ಮೇಲೆ ಇದ್ದವರು ಟಿಟ್ಟಕ್ಕ ಎಂಬ ಟಿಟ್ಟಿಭ ಹಕ್ಕಿ, ಜೊತೆಗೆ ಒಂದಷ್ಟು ಕಪ್ಪೆಗಳು.

"ಊಹೂಂ! ಊಹೂಂ! ಬೇಡವೇ ಬೇಡ!" ಎಂದು ಟಿಟ್ಟಕ್ಕ ಶುರುಮಾಡಿದಳು. "ಗುಟುರಪ್ಪಣ್ಣ, ಆ ಹೆಗ್ಗಣಗಳು ಮಣ್ಣು ತಂದಿರೋದು ಏರಿಯಿಂದಲೇ! ನಿನ್ನ ಗದ್ದುಗೆ ಹಿಂದೆ ಏರಿ ಬಗೆದು ಗುಹೆ ಮಾಡಿಬಿಟ್ಟಿದ್ದಾರೆ. ಇಲ್ಲಿಂದ ಚೆನ್ನಾಗಿ ಕಾಣುತ್ತೆ. ಈಗ ನೀರು ಕೆಳಗಿದೆ, ಸರಿ. ಮಳೆ ಬಂದು ನೀರು ಆ ಗುಹೆ ಮುಟ್ಟಿದರೆ ಏರಿ ಒಡೆದು ಕೆರೆ ಪೂರ್ತಿ ಹರಿದುಹೋಗುತ್ತೆ!"

ಟಿಟ್ಟಕ್ಕ ಹೇಳಿದ್ದು ಅಕ್ಷರಶಃ ನಿಜ. ಆದರೆ ಹೂಂ ಬಂಡೆಯಲ್ಲಿದ್ದವರು ಅತ್ತ ನೋಡಿದರೆ ಅವರಿಗೆ ಕಂಡದ್ದು ಗದ್ದುಗೆ ಮಾತ್ರ. ಅಷ್ಟು ದೊಡ್ಡ ಗದ್ದುಗೆ ಅಡ್ಡವಿದ್ದರೆ ಹಿಂದಿನದು ಕಾಣುವುದು ಹೇಗೆ? ಅದೂ ಅಲ್ಲದೆ ಟಿಟ್ಟಕ್ಕ ಎಲೆ ಉದುರಿದರೂ ಕೂಗುವವಳು, ಮೋಡ ಸರಿದರೂ ಕೂಗುವವಳು.

"ಇವಳು ಯಾವತ್ತು ತಾನೇ ಕೂಗಲಿಲ್ಲ!" ಎಂದು ಮೊಲ ಕಿವಿರಾಯ ನಕ್ಕ. ಎಲ್ಲರೂ ನಕ್ಕರು.

ಇಲ್ಲಿ ಒಂದು ಮಾತು ಗಮನಿಸಿ ಮಕ್ಕಳೇ. ಹೆಚ್ಚು ಜನ ಗುಟುರಪ್ಪನ ಕಡೆಯೇ ಇದ್ದರು. ಅವಳು ಕೂಗುವಷ್ಟು ಕೂಗಲಿ ಎಂದು ಸುಮ್ಮನಿದ್ದಿದ್ದರೆ ಅವನೇ ಗೆಲ್ಲುತ್ತಿದ್ದ. ಗೆದ್ದು, ಗೆಡ್ಡೆ ತಿಂದು, ಮಲಗಬಹುದಿತ್ತು. ಆದರೆ ಅವನಿಗೆ ಗೆಲುವು ಸಾಲಲಿಲ್ಲ. ಆ ಸದ್ದೇ ಇರಬಾರದು ಎನ್ನಿಸಿತು. ಬೆನ್ನ ಮೇಲಿನ ಕೂದಲು ಒಂದೊಂದಾಗಿ ನಿಂತಿತು.

"ಸಿಳ್ಳಣ್ಣ!" ಎಂದು ಗುಡುಗಿದ.

ಸಿಳ್ಳಣ್ಣ ನೀರುನಾಯಿಗಳ ದಫೇದಾರ. ನೀರುನಾಯಿಗಳು ಕೆರೆಯ ಕಾವಲು ಪಡೆ. ಹೊರಗಿನಿಂದ ಕಳ್ಳರು ಬಂದರೆ ಶಿಳ್ಳೆ ಹಾಕಿ, ಸುತ್ತುಗಟ್ಟಿ, ಅಟ್ಟುವುದು ಅವುಗಳ ಕೆಲಸ. ಸಿಳ್ಳಣ್ಣ ಬಲು ಶಿಸ್ತಿನವನು. ಅಪ್ಪಣೆ ಆದರೆ ಮಾಡಿ ಮುಗಿಸುವುದು, ಯೋಚನೆ ಮಾಡುವುದು ತನ್ನ ಕೆಲಸವಲ್ಲ ಎಂದು ತಿಳಿದಿದ್ದ. ಅವನು ನೀರಿನಿಂದ ತಲೆ ಎತ್ತಿ, "ಅಪ್ಪಣೆ, ಮುಖಂಡರೇ" ಎಂದ.

"ಕೆರೆ ಒಡೆಯುತ್ತೆ ಅಂತ ಸುಳ್ಳು ಹಬ್ಬಿಸಿ ಜನರನ್ನು ಹೆದರಿಸೋರು ಕೆರೆದ್ರೋಹಿಗಳು. ಇವತ್ತಿನಿಂದ ಆ ಬಂಡೆ ಮೇಲೆ ನಿಂತು ಯಾರೇ ಊಹೂಂ ಅಂದರೂ ಹಿಡಿದು ಬಿದಿರು ಮೆಳೆಯೊಳಗೆ ತಳ್ಳು."

"ಯಾರೇ ಅಂದರೂ?"

"ಯಾರೇ ಅಂದರೂ! ಪ್ರತಿ ಸಲ ಬಂದು ನನ್ನನ್ನು ಕೇಳಬೇಡ."

"ಹಿಡಿದ ಮೇಲೆ ಅವರು ಏನಾದರೂ ಹೇಳಿದರೆ?"

"ಕಿವಿಗೇ ಹಾಕ್ಕೋಬೇಡ."

"ಅಪ್ಪಣೆ" ಎಂದ ಸಿಳ್ಳಣ್ಣ. ಒಂದು ಶಿಳ್ಳೆ ಹಾಕಿದ. ನೀರುನಾಯಿಗಳು ಊಹೂಂ ಬಂಡೆಯನ್ನು ಸುತ್ತುಗಟ್ಟಿದವು. ಟಿಟ್ಟಕ್ಕನ ಕಾಲಿಗೆ ಬಳ್ಳಿ ಕಟ್ಟಿ ಎಳೆದುಕೊಂಡು ಹೋದವು. ಕಪ್ಪೆಗಳನ್ನು ಕೆಸುವಿನ ಎಲೆಯಲ್ಲಿ ಪೊಟ್ಟಣ ಕಟ್ಟಿ ಹೊತ್ತವು. ಅವಳು ದಾರಿಯುದ್ದಕ್ಕೂ ಕೂಗುತ್ತಲೇ ಹೋದಳು, ಕಪ್ಪೆಗಳು ಪೊಟ್ಟಣದೊಳಗಿಂದಲೇ ವಟಗುಟ್ಟುತ್ತ ಹೋದವು. ಬಿದಿರು ಮೆಳೆ ಕೆರೆಯ ಪಕ್ಕದಲ್ಲೇ ಇತ್ತು. ಸುತ್ತ ಮುಳ್ಳು, ಒಳಹೋಗಲು ಒಂದೇ ಕಿಂಡಿ. ಆ ಕಿಂಡಿಗೆ ಕಾವಲು ನಿಂತಿತು.

ಗುಟುರಪ್ಪನ ಕಿವಿಗೆ ತಂಪಾಯಿತು. "ಹಾಂ, ಈಗ ನೋಡಿ ಸಭೆ ಎಷ್ಟು ಚೆಂದ! ಚಿಪ್ಪಜ್ಜ, ತೀರ್ಮಾನ ಓದು."

ಚಿಪ್ಪಜ್ಜ ನಿಧಾನವಾಗಿ ಚಿಪ್ಪಿನಿಂದ ತಲೆ ಹೊರಗೆ ತೆಗೆದ. ಒಮ್ಮೆ ಅತ್ತ ನೋಡಿದ, ಒಮ್ಮೆ ಇತ್ತ ನೋಡಿದ. "ಸಭೆ ಎಲ್ಲಿದೆಯಪ್ಪ? ಊಹೂಂ ಬಂಡೆ ಖಾಲಿ ಇದೆಯಲ್ಲ."

"ಎಲಾ ಇದರ!" ಎಂದ ಗುಟುರಪ್ಪ. "ಆ ಕಟ್ಟಳೆಯನ್ನೇ ತೆಗೆದುಹಾಕಿ!"

"ತೆಗೀಬಹುದು. ಅದಕ್ಕೆ ಸಭೆ ಸೇರಬೇಕು. ಸಭೆ ಸೇರೋಕೆ ಊಹೂಂ ಬಂಡೆ ಮೇಲೆ ಒಬ್ಬರಾದರೂ ಇರಬೇಕು" ಎಂದು ಚಿಪ್ಪಜ್ಜ ತಲೆ ಒಳಕ್ಕೆ ಎಳೆದುಕೊಂಡ.

ಗುಟುರಪ್ಪ ಪೇಚಿಗೆ ಸಿಕ್ಕಿದ. ಬೆಳ್ಳಯ್ಯ ಅವನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಇದಕ್ಕೆಲ್ಲ ತಲೆ ಕೆಡಿಸಿಕೊಳ್ತಾರಾ ಸ್ವಾಮಿ? ನಮ್ಮವರನ್ನೇ ಒಬ್ಬರನ್ನು ಅಲ್ಲಿ ಕೂರಿಸೋಣ. ಕೂತು ಸುಮ್ಮನೆ ಕೆಮ್ಮಿ ಬರಲಿ. ಊಹೂಂ ಅನ್ನೋದೇ ಬೇಡ."

ಇದು ಗುಟುರಪ್ಪನಿಗೆ ಬಹಳ ಹಿಡಿಸಿತು. ಮೊಲ ಕಿವಿರಾಯನನ್ನು ಕರೆದ. ಇಡೀ ಕಾಡಿನಲ್ಲಿ ಅವನಷ್ಟು ಜೋರಾಗಿ ಹೂಂ ಎನ್ನುವವರು ಇರಲಿಲ್ಲ.

"ಕೆಮ್ಮೋದು ತಾನೇ? ಅದೆಷ್ಟು ಹೊತ್ತಿನ ಕೆಲಸ!" ಎನ್ನುತ್ತ ಕಿವಿರಾಯ ಕಲ್ಲಿಂದ ಕಲ್ಲಿಗೆ ನೆಗೆದು ಊಹೂಂ ಬಂಡೆ ಹತ್ತಿದ. ಗಂಭೀರವಾಗಿ ಕೂತ. ಕೆಮ್ಮಲು ಬಾಯಿ ತೆಗೆದು ಎದುರಿಗೆ ನೋಡಿದ.

ಬಾಯಿ ತೆರೆದೇ ಉಳಿಯಿತು.

ಏರಿ ಬಾಗಿದ್ದರಿಂದ ಆ ಬಂಡೆಯಿಂದ ಗದ್ದುಗೆಯ ಮುಂಭಾಗ ಕಾಣುವುದಿಲ್ಲ, ಬೆನ್ನು ಕಾಣುತ್ತದೆ. ಗದ್ದುಗೆಯ ಹಿಂದೆ ಏರಿಯನ್ನು ಹೆಗ್ಗಣಗಳು ಎಷ್ಟು ಬಗೆದಿದ್ದವೆಂದರೆ ಆಚೆ ಬದಿಯ ಬೆಳಕು ಈಚೆಗೆ ಸಣ್ಣಗೆ ತೂರಿ ಬರುತ್ತಿತ್ತು.

"ಅಯ್ಯಯ್ಯೋ! ಟಿಟ್ಟಕ್ಕ ಹೇಳಿದ್ದು ನಿಜ ಕಣ್ರೋ! ಊಹೂಂ! ಊಹೂಂ! ಗದ್ದುಗೆ ಬೇಡ!" ಎಂದು ಕಿವಿರಾಯ ಕಿರುಚಿದ.

ಶಿಳ್ಳೆ ಬಿತ್ತು. ಕಿವಿರಾಯನ ಕಿವಿ ಹಿಡಿದು ನೀರುನಾಯಿಗಳು ಮೆಳೆಗೆ ಒಯ್ದವು.

"ಟಿಟ್ಟಕ್ಕ ಮೊದಲೇ ಅವನ ತಲೆ ಕೆಡಿಸಿದ್ದಾಳೆ" ಎಂದ ಬೆಳ್ಳಯ್ಯ.

"ಹೌದು, ಹೌದು" ಎಂದ ಗುಟುರಪ್ಪ.

ಮುಂದೆ ಹೋದವಳು ಜಿಂಕೆ ಚುಕ್ಕಮ್ಮ. ಬಹಳ ಮೆತ್ತನೆಯ ಸ್ವಭಾವ, ಯಾರ ಮನಸ್ಸನ್ನೂ ನೋಯಿಸಿದವಳಲ್ಲ. ಅವಳು ಬಂಡೆ ಹತ್ತಿ, ನೋಡಿ, ಕಣ್ಣೀರು ಹಾಕಿಕೊಂಡು, "ಕ್ಷಮಿಸಿ ಮುಖಂಡರೇ, ನನ್ನ ಮರಿ ಈ ಕೆರೆ ನೀರನ್ನೇ ಕುಡಿದು ಬೆಳೀಬೇಕು. ಊಹೂಂ" ಎಂದಳು. ಅವಳನ್ನೂ ಒಯ್ದರು. ಅವಳ ಹಿಂದೆ ಮುಂಗುಸಿ ಹೋಯಿತು. ಅದರ ಹಿಂದೆ ಮುಳ್ಳುಹಂದಿ. ಹೋದವರೆಲ್ಲ ಕೆಮ್ಮಲು ಹೋದರು, ಕೂಗಿ ಸಿಕ್ಕಿಬಿದ್ದರು. ಮುಳ್ಳುಹಂದಿಯನ್ನು ಹಿಡಿಯುವಾಗ ಮಾತ್ರ ನೀರುನಾಯಿಗಳಿಗೂ ಸಾಕುಸಾಕಾಯಿತು.

ಹೂಂ ಬಂಡೆ ಬರಿದಾಗುತ್ತ ಬಂತು, ಬಿದಿರು ಮೆಳೆ ತುಂಬುತ್ತ ಬಂತು. ಮೆಳೆಯೊಳಗೆ ಏನು ಗದ್ದಲ, ಏನು ನಗು! ಹೊಸಬರು ಬಂದಾಗಲೆಲ್ಲ ಹಳಬರು, "ಬನ್ನಿ ಬನ್ನಿ, ನೀವೂ ನೋಡಿದ್ರಾ?" ಎಂದು ಸ್ವಾಗತ ಮಾಡುತ್ತಿದ್ದರು. ಕಿವಿರಾಯನಂತೂ ಟಿಟ್ಟಕ್ಕನ ಮುಂದೆ ಮಂಡಿಯೂರಿ ತಪ್ಪಾಯಿತೆಂದ. "ಆಯ್ತು ಏಳು, ನೀನು ನಕ್ಕಾಗ ನನಗೆ ನಿಜವಾಗ್ಲೂ ಬೇಜಾರಾಗಿತ್ತು" ಎಂದಳು ಅವಳು.

ಗದ್ದುಗೆಯ ಮೇಲೆ ಗುಟುರಪ್ಪನಿಗೆ ಆ ನಗು ಕೇಳಿಸುತ್ತಿತ್ತು. ಅಲ್ಲಿರುವವರೆಲ್ಲ ನಗುತ್ತಿದ್ದಾರೆ, ಇಲ್ಲಿ ತನ್ನ ಜೊತೆ ಬೆಳ್ಳಯ್ಯ ಮತ್ತು ಹೆಗ್ಗಣಗಳು ಬಿಟ್ಟರೆ ಯಾರೂ ಇಲ್ಲ. ಅವನಿಗೆ ಒಂಥರಾ ಆಯಿತು. ಆಕಾಶದಲ್ಲಿ ಮೋಡಗಳು ಕಪ್ಪಾಗಿ ಒಟ್ಟಾಗುತ್ತಿದ್ದವು.

"ಬೆಳ್ಳಯ್ಯ, ಈಗ ನೀನೇ ಹೋಗು" ಎಂದ.

ಬೆಳ್ಳಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ನಾನಾ ಸ್ವಾಮಿ? ನಾನು ಇಲ್ಲಿಲ್ಲದಿದ್ದರೆ ತಮ್ಮ ಉಣ್ಣಿ ಯಾರು ಹೆಕ್ಕೋದು?"

"ಉಣ್ಣಿ ಎಲ್ಲೂ ಓಡಿಹೋಗಲ್ಲ. ಹೋಗು."

"ಸರಿ, ಕಣ್ಣು ಮುಚ್ಚಿಕೊಂಡೇ ಕೂರ್ತೀನಿ. ನೋಡದಿದ್ದರೆ ತಾಪತ್ರಯವೇ ಇಲ್ಲ" ಎಂದು ಬೆಳ್ಳಯ್ಯ ಹಾರಿ ಹೋಗಿ ಬಂಡೆಯ ಮೇಲೆ ಇಳಿದ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ. ಆದರೆ ಬೆಳ್ಳಕ್ಕಿ ನೀರಿನ ನಡುವೆ ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂರಲು ಸಾಧ್ಯ? ಪಕ್ಕದಲ್ಲಿ ಮೀನೊಂದು ಪುಳಕ್ ಎಂದಿತು. ಬೆಳ್ಳಯ್ಯ ಒಂದು ಕಣ್ಣು ತೆರೆದ.

ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ರೆಕ್ಕೆ ಕೊಡವಿ ಮೇಲಕ್ಕೆ ಎದ್ದ.

"ಎಲ್ಲಿಗೋ?" ಎಂದು ಗುಟುರಪ್ಪ ಕೂಗಿದ.

"ಬೆಟ್ಟದಾಚೆ ಇನ್ನೊಂದು ಕೆರೆ ಇದೆಯಂತೆ ಸ್ವಾಮಿ, ಅಲ್ಲಿ ಎಮ್ಮೆಯೊಂದು ಮುಖಂಡ ಆಗಿದೆಯಂತೆ. ಸ್ವಲ್ಪ ಮಾತಾಡಿಸಿಕೊಂಡು ಬರ್ತೀನಿ!" ಎಂದು ಮೋಡದ ಕೆಳಗೆ ಬಿಳಿ ಚುಕ್ಕೆಯಾಗಿ ಹೋಗಿಯೇಬಿಟ್ಟ.

ಗುಟುರಪ್ಪ ಬೆಪ್ಪಾಗಿ ನೋಡುತ್ತ ಕೂತ. ತನ್ನ ಬೆನ್ನ ಮೇಲೆ ಅಷ್ಟು ಕಾಲ ಕೂತಿದ್ದವನು, ಒಂದು ಮಾತನ್ನೂ ಸರಿಯಾಗಿ ಹೇಳದೆ ಹೋದನಲ್ಲ! ದುಃಖವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು.

"ಯಾರೂ ಬೇಡ! ನಾನೇ ಹೋಗಿ ಕೂರ್ತೀನಿ. ಹೆಗ್ಗಣಗಳು ಹೂಂ ಬಂಡೆಯ ಮೇಲಿವೆ. ನಾನು ಊಹೂಂ ಬಂಡೆಯ ಮೇಲೆ ಕೂತು ಕೆಮ್ಮಿ ಬರ್ತೀನಿ. ಆಮೇಲೆ ಸಭೆ ಆಯ್ತು ಅಂತ ಒಪ್ಪಬೇಕು ಅಜ್ಜ!"

"ಕಟ್ಟಳೆ ಪ್ರಕಾರ ಯಾರಾದರೂ ಕೂರಬಹುದು" ಎಂದ ಚಿಪ್ಪಜ್ಜ.

ಗುಟುರಪ್ಪ ನೀರಿಗಿಳಿದು ಈಜಿದ. ಮೈಯಿಂದ ನೀರು ಸುರಿಸುತ್ತ ಊಹೂಂ ಬಂಡೆ ಹತ್ತಿದ. ಮುಖಂಡನಾದ ಮೇಲೆ ಅವನು ಆ ಬಂಡೆಗೆ ಕಾಲಿಟ್ಟದ್ದು ಅದೇ ಮೊದಲು. ಠೀವಿಯಿಂದ ತಿರುಗಿ ನಿಂತು ತನ್ನ ಗದ್ದುಗೆಯನ್ನು ನೋಡಿದ.

ಮೊದಲು ಅವನಿಗೆ ಅರ್ಥವೇ ಆಗಲಿಲ್ಲ. ಅಷ್ಟು ಚೆಂದದ ಗದ್ದುಗೆಗೆ ಬೆನ್ನೇ ಇರಲಿಲ್ಲ. ಅದರ ಹಿಂದೆ ಏರಿ ಇರಬೇಕಾದ ಜಾಗದಲ್ಲಿ ದೊಡ್ಡ ಗುಹೆ. ಗುಹೆಯ ಕೊನೆಯಲ್ಲಿ ಆಚೆಯ ಬೆಳಕು. ಇಷ್ಟು ದಿನ ತಾನು ಕೂತು ಮೀಸೆ ತಿರುವಿದ್ದು ಇದರ ಮೇಲೆ! ದೂರದ ಗುಡ್ಡದ ಮೇಲೆ ಮಳೆ ಇಳಿಯುತ್ತಿದ್ದುದು ಕಾಣಿಸಿತು. ಚುಕ್ಕಮ್ಮನ ಮರಿ ನೆನಪಾಯಿತು. ತನ್ನ ಮರಿಗಳು ನೆನಪಾದವು. ಕತ್ತೆಕಿರುಬಗಳ ಮುಂದೆಯೂ ಅವನು ಅಷ್ಟು ಹೆದರಿರಲಿಲ್ಲ.

"ಊಹೂಂ!" ಎಂದು ಕಾಡೆಲ್ಲ ಕೇಳುವಂತೆ ಅರಚಿದ. "ನಿಲ್ಲಿಸಿ! ಊಹೂಂ! ಗದ್ದುಗೆ ಬೇಡ!"

ಶಿಳ್ಳೆ ಬಿತ್ತು.

ಗುಟುರಪ್ಪ ಸುತ್ತ ನೋಡುತ್ತಾನೆ, ನಾಲ್ಕೂ ಕಡೆಯಿಂದ ನೀರುನಾಯಿಗಳ ತಲೆಗಳು.

"ಏಯ್ ಸಿಳ್ಳಣ್ಣ, ನಾನು ಕಣೋ! ಮುಖಂಡ!"

"ಗೊತ್ತು ಮುಖಂಡರೇ" ಎಂದ ಸಿಳ್ಳಣ್ಣ ವಿನಯದಿಂದ. "ಯಾರೇ ಅಂದರೂ ಅಂತ ಅಪ್ಪಣೆ. ಪ್ರತಿ ಸಲ ಕೇಳೋಕೆ ಬರಬೇಡ ಅಂತಲೂ ಅಪ್ಪಣೆ."

"ಆ ಅಪ್ಪಣೆ ವಾಪಸ್!"

"ಹಿಡಿದ ಮೇಲೆ ಹೇಳಿದ್ದನ್ನು ಕಿವಿಗೆ ಹಾಕ್ಕೋಬಾರದು ಅಂತ ಅಪ್ಪಣೆ" ಎಂದು ಸಿಳ್ಳಣ್ಣ ಎರಡು ಕಿವಿಯನ್ನೂ ಮುಚ್ಚಿಕೊಂಡ.

ಹಿಂದಿನಿಂದ ನೂಕಿ, ಮುಂದಿನಿಂದ ಎಳೆದು, ಬಾಲ ಜಗ್ಗಿ, ನೀರುನಾಯಿಗಳು ಮುಖಂಡನನ್ನು ಮೆಳೆಗೆ ಒಯ್ದವು. ಕಿಂಡಿ ಅವನಿಗೆ ಚಿಕ್ಕದಾಯಿತು. ಹೊರಗಿನಿಂದ ನೂಕಿದರು. ಒಳಗಿನವರು ಕನಿಕರಪಟ್ಟು ಕಿವಿ ಹಿಡಿದು ಎಳೆದುಕೊಂಡರು. ಪಳಕ್ ಎಂದು ಒಳಗೆ ಬಿದ್ದ.

ಎಲ್ಲರ ಕಣ್ಣೂ ಅವನ ಮೇಲೆ. ಆಮೇಲೆ ಕಿವಿರಾಯ ಬಾಯಿಬಿಟ್ಟ.

"ಬನ್ನಿ ಮುಖಂಡರೇ, ನೀವೂ ನೋಡಿದ್ರಾ?"

ಇಡೀ ಮೆಳೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಗುಟುರಪ್ಪನ ಮುಖ ಬಾಡಿತು. ಕೆಸರಿನಲ್ಲಿ ಕೂತು ಮೂತಿ ತಗ್ಗಿಸಿದ. ಅವನಿಗೆ ನಾಚಿಕೆಯಾಯಿತು, ಹೇಳಲಾರದಷ್ಟು ನಾಚಿಕೆಯಾಯಿತು. ಟಿಟ್ಟಕ್ಕನ ಕಾಲಿನಲ್ಲಿ ಬಳ್ಳಿಯ ಗಾಯ ಇನ್ನೂ ಕೆಂಪಗಿತ್ತು.

"ನೀನು ಸರಿಯಾಗೇ ಹೇಳಿದ್ದೆ ತಾಯಿ. ನಾನು ಕೇಳಲಿಲ್ಲ. ಬೈಯ್ಯೋದಿದ್ದರೆ ಆಮೇಲೆ ಎಷ್ಟು ಬೇಕಾದರೂ ಬೈಯಿ. ಈಗ ಮಳೆ ಬರ್ತಾ ಇದೆ. ಏನು ಮಾಡೋಣ ಹೇಳು" ಎಂದ.

ಟಿಟ್ಟಕ್ಕನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಅಷ್ಟರಲ್ಲಿ ಕಿಂಡಿಯಲ್ಲಿ ನಿಧಾನವಾಗಿ ಒಂದು ಚಿಪ್ಪು ಕಾಣಿಸಿತು. ಚಿಪ್ಪಜ್ಜ!

"ಅಜ್ಜ, ನಿಮ್ಮನ್ನೂ ಹಿಡಿದರಾ?" ಎಂದು ಕಪ್ಪೆಗಳು ಕೇಳಿದವು.

"ಇಲ್ಲಪ್ಪ, ನಾನೇ ಬಂದೆ. ಎಲ್ಲರೂ ಇಲ್ಲೇ ಇದ್ದೀರಿ, ಅಲ್ಲಿ ಹೆಗ್ಗಣಗಳ ಮುಂದೆ ನಾನೊಬ್ಬನೇ ಏನು ಮಾಡಲಿ? ಹೂಂ ಅನ್ನೋರು, ಊಹೂಂ ಅನ್ನೋರು ಇಬ್ಬರೂ ಎಲ್ಲಿದ್ದಾರೋ ಸಭೆ ಅಲ್ಲೇ. ಸಭೆ ಶುರುಮಾಡ್ತೀನಿ. ಏರಿ ಮುಚ್ಚಬೇಕಾ? ಹೂಂ ಅನ್ನೋರು ಬಲಕ್ಕೆ ಬನ್ನಿ."

ಎಲ್ಲರೂ ನುಗ್ಗಿ ಬಲಕ್ಕೆ ಬಂದರು. ಗುಟುರಪ್ಪ ಎಲ್ಲರಿಗಿಂತ ಮೊದಲು ಬಂದ. ಎಡಗಡೆ ಖಾಲಿ.

"ಅಯ್ಯೋ, ಈಗಲೂ ಒಬ್ಬರು ಬೇಕಾ!" ಎಂದು ಮುಂಗುಸಿ ಹಣೆ ಚಚ್ಚಿಕೊಂಡಿತು.

ಟಿಟ್ಟಕ್ಕ ಕುಂಟುತ್ತ ಎಡಕ್ಕೆ ಹೋಗಿ ನಿಂತಳು. "ನಾನು ಇಲ್ಲಿ ನಿಲ್ತೀನಿ. ಏರಿ ಮುಚ್ಚಬೇಕು ಸರಿ, ಯಾವ ಮಣ್ಣಿಂದ ಮುಚ್ಚಬೇಕು ಅಂತ ನೀವು ಯಾರೂ ಹೇಳಲಿಲ್ಲ. ಅವಸರದಲ್ಲಿ ಮತ್ತೆ ಏರಿಯ ಇನ್ನೊಂದು ಕಡೆಯೇ ಅಗೀತೀರಿ. ಅದಕ್ಕೆ ನಾನು ಊಹೂಂ. ಗದ್ದುಗೆ ಒಡೆದು ಅದೇ ಮಣ್ಣನ್ನು ಹಾಕೋದಾದರೆ ಹೂಂ."

ಎಲ್ಲರೂ ಗುಟುರಪ್ಪನ ಕಡೆ ತಿರುಗಿದರು. ಅವನು ಗದ್ದುಗೆಯನ್ನು ಎಷ್ಟು ಪ್ರೀತಿಸುತ್ತಿದ್ದ ಎಂದು ಎಲ್ಲರಿಗೂ ಗೊತ್ತಿತ್ತು.

"ಒಡೆಯೋಕೆ ನನಗಿಂತ ಒಳ್ಳೆ ಮೂತಿ ಯಾರಿಗಿದೆ? ಹೂಂ" ಎಂದ.

"ತೀರ್ಮಾನ ಆಯಿತು" ಎಂದ ಚಿಪ್ಪಜ್ಜ. ಆದರೆ ಕಿಂಡಿಗೆ ಅಡ್ಡಲಾಗಿ ಸಿಳ್ಳಣ್ಣ ಕಿವಿ ಮುಚ್ಚಿಕೊಂಡು ನಿಂತಿದ್ದ. ಚಿಪ್ಪಜ್ಜ ಹತ್ತಿರ ಹೋಗಿ ಅವನ ಕೈಯನ್ನು ಕಿವಿಯಿಂದ ಮೆಲ್ಲಗೆ ಬಿಡಿಸಿದ.

"ನಾನು ಒಳಗೆ ಹಿಡಿದು ಹಾಕಿದವನಲ್ಲ, ನನ್ನ ಮಾತು ನೀನು ಕೇಳಬಹುದು. ಒಂದೇ ಪ್ರಶ್ನೆ ಮಗಾ. ನೀನು ಗುಟುರಪ್ಪನ ಪಡೆಯೋ, ಕೆರೆಯ ಪಡೆಯೋ?"

ಸಿಳ್ಳಣ್ಣ ತಬ್ಬಿಬ್ಬಾದ. ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಗುಡುಗು ಗುಡುಗಿತು. ಅವನ ಮೂಗಿನ ಮೇಲೆ ಮಳೆಯ ಹನಿಯೊಂದು ಬಿತ್ತು.

"ಕೆರೆ ಹೋದರೆ ನೀರುನಾಯಿ ಬರೀ ನಾಯಿ ಆಗುತ್ತಲ್ವಾ ಅಜ್ಜ?" ಎಂದು ಗಾಬರಿಯಿಂದ ಕೇಳಿದ.

"ಅದೂ ಸಂದೇಹವೇ" ಎಂದ ಚಿಪ್ಪಜ್ಜ.

ಸಿಳ್ಳಣ್ಣ ಕಿಂಡಿಯಿಂದ ಪಕ್ಕಕ್ಕೆ ಸರಿದ. ಅಷ್ಟೇ ಅಲ್ಲ, ಶಿಳ್ಳೆ ಹಾಕಿ ತನ್ನ ಪಡೆಯನ್ನೂ ಕೆಲಸಕ್ಕೆ ಕರೆದ. ಮಳೆ ಸುರಿಯತೊಡಗಿತು. ಗುಟುರಪ್ಪ ಓಡಿ ಹೋಗಿ ತನ್ನ ಗದ್ದುಗೆಗೆ ತಾನೇ ಮೂತಿ ಹಾಕಿದ. ಒಂದೊಂದು ಹೆಂಟೆ ಉರುಳಿದಾಗಲೂ ಸ್ವಲ್ಪ ನೋವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ನಿಲ್ಲಿಸಲಿಲ್ಲ. ಹೆಗ್ಗಣಗಳು, ಮೊಲ, ಮುಂಗುಸಿ ಮಣ್ಣು ನೂಕಿದವು. ಚುಕ್ಕಮ್ಮ ಗೊರಸಿನಿಂದ ತುಳಿದು ಗಟ್ಟಿ ಮಾಡಿದಳು. ನೀರುನಾಯಿಗಳು ನೀರಿನಡಿಯಿಂದ ಕಲ್ಲು ತಂದು ಒತ್ತಿಟ್ಟವು. ಟಿಟ್ಟಕ್ಕ ಮಾತ್ರ ಊಹೂಂ ಬಂಡೆಯ ಮೇಲೆ ನಿಂತು, "ಊಹೂಂ, ಅಲ್ಲಿನ್ನೂ ಬೆಳಕು ಕಾಣ್ತಿದೆ! ಊಹೂಂ, ಎಡಕ್ಕೆ ಇನ್ನಷ್ಟು!" ಎಂದು ಕೂಗುತ್ತಿದ್ದಳು. ಅವತ್ತು ಅವಳ ಕೂಗಿಗೆ ಯಾರೂ ನಗಲಿಲ್ಲ.

ನೀರು ಏರಿತು. ಮುಚ್ಚಿದ ಜಾಗವನ್ನು ಮುಟ್ಟಿತು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಏರಿ ಜಗ್ಗಲಿಲ್ಲ.

ಮಳೆ ನಿಂತು ಕೆರೆ ತುಂಬಿದ ಮೇಲೆ ಹೊಸ ಮುಖಂಡರನ್ನು ಆರಿಸಲು ಎಲ್ಲರೂ ಸೇರಿದರು. ಟಿಟ್ಟಕ್ಕನೇ ಆಗಲಿ ಎಂದರು. ಅವಳು ಏರಿಯ ಮೇಲೆ ಬರೀ ನೆಲದ ಮೇಲೆ ನಿಂತು ಮೊದಲ ಮಾತು ಆಡಿದಳು. "ಇನ್ನುಮುಂದೆ ನಾನು ಕೂಗಿದಾಗಲೆಲ್ಲ, ರಾತ್ರಿ ಆಗಲಿ ಹಗಲಾಗಲಿ, ಎಲ್ಲರೂ ಎದ್ದು ಓಡಿ ಬರಬೇಕು. ಏನಂತೀರಿ?"

ಹೂಂ ಬಂಡೆ ತುಂಬಿತು. ಊಹೂಂ ಬಂಡೆಯ ಮೇಲೆ ಒಬ್ಬನೇ ಕೂತಿದ್ದ, ಗುಟುರಪ್ಪ. ಯಾರೂ ಕೂರಿಸಿರಲಿಲ್ಲ, ತಾನಾಗಿಯೇ ಹೋಗಿ ಕೂತಿದ್ದ.

"ಊಹೂಂ" ಎಂದ.

ಟಿಟ್ಟಕ್ಕನಿಗೆ ಏನೋ ಆಯಿತು. ಅವಳ ಕತ್ತಿನ ಪುಕ್ಕಗಳು ಒಂದೊಂದಾಗಿ ನೆಟ್ಟಗೆ ನಿಂತವು. ಕಣ್ಣು ತಾನಾಗಿಯೇ ಸಿಳ್ಳಣ್ಣನ ಕಡೆ ಹೊರಳಿತು. ಸಿಳ್ಳಣ್ಣ ನೀರಿನಿಂದ ತಲೆ ಎತ್ತಿ ಅಪ್ಪಣೆಗೆ ಕಾದ. ಬಂಡೆಯ ಮೇಲಿದ್ದ ಗುಟುರಪ್ಪ ಅದನ್ನು ಕಂಡ. ಆದರೂ ಅವನು ಜಾಗ ಬಿಟ್ಟು ಕದಲಲಿಲ್ಲ.

ಟಿಟ್ಟಕ್ಕ ಕಣ್ಣು ಮುಚ್ಚಿ ಒಮ್ಮೆ ಉಸಿರು ಬಿಟ್ಟಳು. ಪುಕ್ಕ ಇಳಿಯಿತು.

"ಹೇಳು ಗುಟುರಪ್ಪಣ್ಣ" ಎಂದಳು, "ಅಲ್ಲಿಂದ ನಿನಗೆ ಏನು ಕಾಣ್ತಾ ಇದೆ?"

ನೀತಿ: ಎದುರು ಮಾತಾಡುವವರನ್ನು ಕಾವಲಿನ ಬಲದಿಂದ ಅಡಗಿಸುವ ಮುಖಂಡ, ತನಗೆ ಕಾಣದ್ದನ್ನು ಕಂಡು ಹೇಳುವ ಕಣ್ಣುಗಳನ್ನೇ ಕಳೆದುಕೊಳ್ಳುತ್ತಾನೆ.